ಹಳೆಯ ಸ್ನಾನದ ತೊಟ್ಟಿಗೆ ಹೊಸ ಮೈ: ಮರುಲೇಪನ ಕಾರ್ಯದ ಒಳಹೊರಗು

ಮೂಡಿಗೆರೆಯ ಸಮೀಪ ನನ್ನ ಭಾವನವರ ಕಾಫಿ ತೋಟವಿದೆ. ತೋಟದ ಹಳೆಯ ಬಂಗಲೆಯ ಸ್ನಾನಗೃಹದಲ್ಲಿ ನಾಲ್ಕು ಪಂಜದಾಕಾರದ ಕಾಲುಗಳ ಮೇಲೆ ನಿಂತಿರುವ ಎರಕದ ಕಬ್ಬಿಣದ ತೊಟ್ಟಿಯೊಂದಿದೆ. ಬಂಗಲೆಯನ್ನು ಕಟ್ಟಿಸಿದ ಆಂಗ್ಲ ಪ್ಲಾಂಟರ್ ತರಿಸಿದ್ದೆಂದು ಮನೆಯವರ ನಂಬಿಕೆ. 2021ರಲ್ಲಿ ಬಂಗಲೆಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಒದಗಿಸಲು ನಿರ್ಧರಿಸಿದಾಗ ಈ ತೊಟ್ಟಿಯ ಪ್ರಶ್ನೆ ಎದುರಾಯಿತು. ಒಳಮೈ ಹಳದಿಗಟ್ಟಿತ್ತು. ನಲ್ಲಿಯ ನೀರು ಬೀಳುವ ಕಡೆ ತುಕ್ಕಿನ ಗೆರೆ ಮೂಡಿತ್ತು. ಯಾವುದೋ ಕಾಲದಲ್ಲಿ ಯಾರೋ ಬಳಿದ ಎಣ್ಣೆಬಣ್ಣ ಹಪ್ಪಳದಂತೆ ಎದ್ದಿತ್ತು.

ಭಾವನವರು ದೂರವಾಣಿ ಮಾಡಿ, "ಒಡೆಸಿ ಗುಜರಿಗೆ ಹಾಕೋಣವೆಂದಿದ್ದೇನೆ. ನಿಮ್ಮ ಅಂಗಡಿಯಲ್ಲಿ ಹೊಸದು ಸಿಗುತ್ತದೆಯೇ ನೋಡಿ" ಎಂದರು. ಹಾಸನದಲ್ಲಿ ಬಣ್ಣ ಮತ್ತು ಹಾರ್ಡ್‌ವೇರ್ ವ್ಯಾಪಾರ ಮಾಡಿಕೊಂಡಿರುವ ನನಗೆ ಹೊಸ ಅಕ್ರಿಲಿಕ್ ಟಬ್ಬೊಂದನ್ನು ಮಾರುವ ಅವಕಾಶ ಅದಾಗಿತ್ತು. ಆದರೂ ಐದು ಅಡಿ ಉದ್ದದ ಎರಕದ ತೊಟ್ಟಿಯ ತೂಕ ಸುಮಾರು 130ರಿಂದ 150 ಕಿಲೋ. ಅದನ್ನು ಹೊರತೆಗೆಯಬೇಕಾದರೆ ಬಾಗಿಲ ಚೌಕಟ್ಟನ್ನು ಬಿಚ್ಚಬೇಕು, ಇಲ್ಲವೇ ತೊಟ್ಟಿಯನ್ನು ಅಲ್ಲಿಯೇ ಸುತ್ತಿಗೆಯಿಂದ ಒಡೆಯಬೇಕು. ನೆಲದ ಹಂಚು, ಗೋಡೆಯ ಹಂಚು, ಕೊಳಾಯಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ತೊಟ್ಟಿಯನ್ನು ಉಳಿಸಿಕೊಂಡು ಅದರ ಒಳಮೈಗೆ ಹೊಸ ಲೇಪ ಕೊಡುವ ಕ್ರಮ ಅಮೆರಿಕ, ಬ್ರಿಟನ್ ಮತ್ತು ರಷ್ಯಾಗಳಲ್ಲಿ ರೂಢಿಯಲ್ಲಿದೆ ಎಂಬುದನ್ನು ಓದಿ ತಿಳಿದಿದ್ದೆ. "ಒಡೆಯಬೇಡಿ ಭಾವ, ನಾನೇ ಬಂದು ಮಾಡಿಸುತ್ತೇನೆ" ಎಂದೆ.

ಆ ಕೆಲಸ ಮೊದಲ ಸಲ ಕೆಟ್ಟಿತು. ಎರಡನೆಯ ಸಲ ನಿಂತಿತು. ಕೆಟ್ಟದ್ದಕ್ಕಿಂತಲೂ ಗಂಭೀರವಾದ ಸಂಗತಿಯೊಂದು ಮೊದಲ ದಿನವೇ ನಡೆಯಿತು. ಬಣ್ಣ, ರಾಸಾಯನಿಕ ಮತ್ತು ನೈರ್ಮಲ್ಯ ಸಾಮಗ್ರಿಗಳ ವ್ಯಾಪಾರದಲ್ಲಿರುವ ಸದಸ್ಯ ಬಾಂಧವರಿಗೂ, ಈ ಸೇವೆಯನ್ನು ಸಣ್ಣ ಉದ್ಯಮವಾಗಿ ಕೈಗೊಳ್ಳಬಯಸುವವರಿಗೂ ಅದು ತಿಳಿದಿರಬೇಕೆಂಬ ಕಾರಣದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಗಾಜಿನ ಮೈ

ಎರಕದ ತೊಟ್ಟಿಯ ಬಿಳಿಯ ಮೈಯನ್ನು ನಾವು ಬಣ್ಣವೆಂದು ಭಾವಿಸುತ್ತೇವೆ. ಅದು ವಾಸ್ತವವಾಗಿ ಗಾಜು. ಕೆಂಪಗೆ ಕಾದ ಎರಕದ ಮೇಲೆ ಗಾಜಿನ ಪುಡಿಯನ್ನು ಉದುರಿಸಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಕರಗಿ ಲೋಹಕ್ಕೆ ಅಂಟುವಂತೆ ಮಾಡುತ್ತಾರೆ. ಇದೇ ಎನಾಮೆಲ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶೆಬಾಯ್‌ಗನ್‌ನಲ್ಲಿ ಕೃಷಿ ಉಪಕರಣಗಳನ್ನು ಎರಕ ಹೊಯ್ಯುತ್ತಿದ್ದ ಜಾನ್ ಮೈಕಲ್ ಕೊಹ್ಲರ್ 1883ರಲ್ಲಿ ಜಾನುವಾರುಗಳ ನೀರಿನ ತೊಟ್ಟಿಗೆ ಹೀಗೆ ಎನಾಮೆಲ್ ಹಚ್ಚಿ, ನಾಲ್ಕು ಕಾಲು ಜೋಡಿಸಿ ಸ್ನಾನದ ತೊಟ್ಟಿಯೆಂದು ಮಾರಿದರು. ಮೊದಲ ತೊಟ್ಟಿಯನ್ನು ರೈತನೊಬ್ಬ ಒಂದು ಹಸು ಮತ್ತು 14 ಕೋಳಿಗಳನ್ನು ಕೊಟ್ಟು ಕೊಂಡನೆಂದು ಆ ಸಂಸ್ಥೆಯವರು ಹೇಳಿಕೊಳ್ಳುತ್ತಾರೆ. ನೇಗಿಲು ಮಾಡುವ ಸಣ್ಣ ಕಾರ್ಖಾನೆಯೊಂದು ಜಾಗತಿಕ ನೈರ್ಮಲ್ಯ ಸಾಮಗ್ರಿ ಸಂಸ್ಥೆಯಾದದ್ದು ಆ ತೊಟ್ಟಿಯಿಂದ. ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದು ರುಚಿಸುವ ಕಥೆ.

ಮನೆಯಲ್ಲಿ ಕೈಗೊಳ್ಳುವ ಮರುಲೇಪನದಲ್ಲಿ 900 ಡಿಗ್ರಿಯ ಕುಲುಮೆ ಸಾಧ್ಯವಿಲ್ಲ. ಆದುದರಿಂದ ಮರುಲೇಪನವೆಂದರೆ ಗಾಜಿನ ಮೇಲೆ ಮತ್ತೆ ಗಾಜನ್ನು ಕರಗಿಸುವುದಲ್ಲ. ಎರಡು ಭಾಗದ ಎಪಾಕ್ಸಿ, ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ರಾಳವನ್ನು ತಣ್ಣಗಿರುವಾಗಲೇ ಹಚ್ಚಿ ಗಟ್ಟಿಯಾಗಿಸುವುದು. ರಾಳವು ಎಷ್ಟೇ ಉತ್ತಮವಾದರೂ ಗಾಜಿನಷ್ಟು ಗಡಸಲ್ಲ. ಗಿರಾಕಿಗೆ "ಹೊಸದರಂತೆಯೇ ಆಗುತ್ತದೆ" ಎಂದು ಹೇಳುವ ವ್ಯಾಪಾರಿ ಅಲ್ಲಿಯೇ ಮೊದಲ ತಪ್ಪು ಮಾಡುತ್ತಾನೆ. ಕಣ್ಣಿಗೆ ಹೊಸದರಂತೆ ಕಾಣುತ್ತದೆ, ಅಷ್ಟೆ. ಮನೆಯವರೇ ಮಾಡಿಕೊಂಡ ಲೇಪ ಕೆಲವು ವರ್ಷ ಬಾಳುತ್ತದೆ. ನುರಿತವರು ಮಾಡಿದ್ದು, ಬಳಸುವವರು ಜೋಪಾನವಾಗಿಟ್ಟುಕೊಂಡರೆ, ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯುವುದುಂಟು.

ಇನ್ನೊಂದು ತೊಡಕೂ ಉಂಟು. ಗಾಜು ನುಣುಪು, ಅದರಲ್ಲಿ ರಂಧ್ರಗಳಿಲ್ಲ. ಗೋಡೆಯ ಗಾರೆ ಬಣ್ಣವನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುವಂತೆ ಎನಾಮೆಲ್ ಹಿಡಿದಿಟ್ಟುಕೊಳ್ಳುವುದಿಲ್ಲ. ಮರುಲೇಪನದ ಶ್ರಮದಲ್ಲಿ ಮುಕ್ಕಾಲು ಪಾಲು ಬಳಿಯುವುದಕ್ಕೆ ಮುಂಚೆಯೇ ಮುಗಿಯಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿ.

ಜುಲೈ ತಿಂಗಳ ಆ ಮಧ್ಯಾಹ್ನ

ನಾನು ಪರಿಚಯದ ಪೇಂಟರ್ ಮೇಸ್ತ್ರಿಯನ್ನು ಕರೆದುಕೊಂಡು ಹೋದದ್ದು ಜುಲೈ ತಿಂಗಳಲ್ಲಿ. ಮಲೆನಾಡಿನ ಜುಲೈ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಹಳೆಯ ಎಣ್ಣೆಬಣ್ಣವನ್ನು ಕಿತ್ತೊಗೆಯಲು ನನ್ನ ಮಳಿಗೆಯಿಂದಲೇ ಪೇಂಟ್ ರಿಮೂವರ್ ಡಬ್ಬಿಯೊಂದನ್ನು ಒಯ್ದಿದ್ದೆ. ವರ್ಷಗಟ್ಟಲೆ ಮಾರಿದ ಸರಕು. ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಬಯಲಲ್ಲಿ ಬಳಸಿದವರು ಯಾರೂ ದೂರು ಹೇಳಿದ್ದಿಲ್ಲ. ಮಳೆಯ ಎರಚಲು ಒಳಗೆ ಬರುತ್ತಿತ್ತೆಂದು ಸ್ನಾನಗೃಹದ ಒಂದೇ ಕಿಟಕಿಯನ್ನು ಮುಚ್ಚಿದ್ದೆವು. ಮೇಸ್ತ್ರಿ ತೊಟ್ಟಿಯ ಅಂಚಿಗೆ ಎದೆಯೊತ್ತಿ, ಒಳಕ್ಕೆ ಬಾಗಿ, ಬ್ರಷ್‌ನಿಂದ ಹಚ್ಚತೊಡಗಿದ. ಹೆಚ್ಚೆಂದರೆ ಕಾಲು ಗಂಟೆಯಾಗಿರಬಹುದು. ಹೊರಗೆ ನಿಂತಿದ್ದ ನನಗೆ ಬ್ರಷ್ ತೊಟ್ಟಿಯೊಳಗೆ ಬಿದ್ದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಆತ ಅಂಚಿನ ಮೇಲೆ ತಲೆಯಿಟ್ಟು ಕುಳಿತಿದ್ದಾನೆ. "ತಲೆ ತಿರುಗುತ್ತಿದೆ ಅಣ್ಣಾ, ಎದ್ದು ನಿಲ್ಲಲು ಆಗುತ್ತಿಲ್ಲ" ಎಂದ. ಭಾವನವರೂ ನಾನೂ ಹಿಡಿದು ಜಗಲಿಗೆ ತಂದು ಮಲಗಿಸಿದೆವು. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡ. ಬೆಳಿಗ್ಗೆ ಉಪವಾಸವಿದ್ದದ್ದರಿಂದ ಹಾಗಾಯಿತೆಂದು ಆತನೂ ಅಂದುಕೊಂಡ, ನಾವೂ ಅಂದುಕೊಂಡೆವು.

ಅದು ಉಪವಾಸದಿಂದ ಆದದ್ದಲ್ಲವೆಂದು ನನಗೆ ತಿಳಿದದ್ದು ಹಾಸನಕ್ಕೆ ಮರಳಿ, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಆ ವಸ್ತುವಿನ ಬಗ್ಗೆ ವಿಚಾರಿಸಿದ ನಂತರ. ಅದರ ಮುಖ್ಯ ಘಟಕ ಮೆಥಿಲೀನ್ ಕ್ಲೋರೈಡ್. ನಮ್ಮ ರಾಸಾಯನಿಕ ಮಾರುಕಟ್ಟೆಯಲ್ಲಿ ಎಂಡಿಸಿ ಎಂಬ ಹೆಸರಿನಿಂದ ಬ್ಯಾರಲ್‌ಗಟ್ಟಲೆ ವ್ಯವಹಾರವಾಗುವ ದ್ರಾವಕವಿದು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2012ರ ಫೆಬ್ರವರಿಯಲ್ಲಿ ತನ್ನ ವಾರಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಮಿಷಿಗನ್ ರಾಜ್ಯದಲ್ಲಿ 2010ರಲ್ಲಿ ಸ್ನಾನದ ತೊಟ್ಟಿಗಳ ಮರುಲೇಪನ ಮಾಡುತ್ತಿದ್ದ ಕೆಲಸಗಾರನೊಬ್ಬ ಗಿರಾಕಿಯ ಸ್ನಾನಗೃಹದಲ್ಲಿಯೇ ಮೃತಪಟ್ಟ. ತನಿಖೆ ನಡೆಸಿದವರಿಗೆ ಅದೇ ರಾಜ್ಯದಲ್ಲಿ ಹಿಂದೆ ಇಂತಹ ಇನ್ನೆರಡು ಸಾವುಗಳಾಗಿದ್ದುದು ಕಂಡುಬಂತು. ಕಾರ್ಮಿಕ ಸುರಕ್ಷತಾ ಇಲಾಖೆಯ ಕಡತಗಳನ್ನು ತೆಗೆಸಿ ನೋಡಿದಾಗ ಬೇರೆ ರಾಜ್ಯಗಳಲ್ಲಿ ಇನ್ನೂ ಹತ್ತು ಸಿಕ್ಕವು. 2000ದಿಂದ 2011ರವರೆಗೆ ಒಟ್ಟು 13 ಮಂದಿ. ಎಲ್ಲರೂ ತೊಟ್ಟಿಯ ಹಳೆಯ ಲೇಪವನ್ನು ಮೆಥಿಲೀನ್ ಕ್ಲೋರೈಡ್‌ನಿಂದ ಕೀಳುತ್ತಿದ್ದವರು. ಎಲ್ಲವೂ ಗಾಳಿಯಾಡದ ಮನೆ ಸ್ನಾನಗೃಹಗಳು. ಮಿಷಿಗನ್‌ನ ಆ ಪ್ರಕರಣದಲ್ಲಿ ಬಳಸಿದ ಸರಕು ವಿಮಾನಗಳ ಬಣ್ಣ ಕೀಳಲೆಂದು ತಯಾರಾಗಿದ್ದದ್ದು.

ಏಕೆ ಹೀಗಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಆ ದ್ರಾವಕ 40 ಡಿಗ್ರಿಯಲ್ಲಿ ಕುದಿಯುತ್ತದೆ, ಅಂದರೆ ಸಾಮಾನ್ಯ ಶಾಖದಲ್ಲಿಯೂ ಬಹುಬೇಗ ಆವಿಯಾಗುತ್ತದೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2.4 ಮೀಟರ್ ಎತ್ತರದ ಸ್ನಾನಗೃಹದಲ್ಲಿ ಸುಮಾರು 7,200 ಲೀಟರ್ ಗಾಳಿ ಇರುತ್ತದೆ. ಅಲ್ಲಿ ಕೇವಲ 150 ಮಿಲಿ ಲೀಟರ್ ಮೆಥಿಲೀನ್ ಕ್ಲೋರೈಡ್ ಆವಿಯಾದರೆ 57 ಲೀಟರಿಗೂ ಹೆಚ್ಚು ಆವಿಯಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 8,000 ಭಾಗ. ಜೀವಕ್ಕೆ ತತ್‌ಕ್ಷಣದ ಅಪಾಯವೆಂದು ಅಮೆರಿಕದ ತಜ್ಞರು ಗುರುತಿಸಿರುವ ಮಟ್ಟ 2,300 ಭಾಗ. ಎಂಟು ಗಂಟೆಯ ಕೆಲಸದ ಪಾಳಿಗೆ ಆ ದೇಶದ ಕಾರ್ಮಿಕ ಸುರಕ್ಷತಾ ಇಲಾಖೆ 1997ರಲ್ಲಿ ನಿಗದಿಪಡಿಸಿದ ಮಿತಿ ಬರಿಯ 25 ಭಾಗ. ಇನ್ನು ಈ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಅದು ಮೇಲಕ್ಕೆ ಹೋಗದೆ, ನೀರು ತುಂಬಿಕೊಳ್ಳುವಂತೆ ತೊಟ್ಟಿಯೊಳಗೇ ತುಂಬಿಕೊಳ್ಳುತ್ತದೆ. ಕೆಲಸಗಾರನ ತಲೆ ಇರುವುದೂ ಅಲ್ಲಿಯೇ. ಮೊದಲು ಮಂಪರು, ನಂತರ ಪ್ರಜ್ಞೆ ತಪ್ಪುವುದು, ಆಮೇಲೆ ಉಸಿರು ನಿಲ್ಲುವುದು. ಸಾಲದೆಂಬಂತೆ ದೇಹದೊಳಗೆ ಹೋದದ್ದು ಭಾಗಶಃ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಟ್ಟು, ರಕ್ತವು ಆಮ್ಲಜನಕ ಒಯ್ಯುವುದನ್ನೂ ತಡೆಯುತ್ತದೆ.

ಯೂರೋಪಿಯನ್ ಒಕ್ಕೂಟವು 2009ರಲ್ಲಿ ತೀರ್ಮಾನ ಕೈಗೊಂಡು, 2010ರಿಂದ 2012ರ ನಡುವೆ ಹಂತಹಂತವಾಗಿ ಇಂತಹ ಪೇಂಟ್ ರಿಮೂವರ್‌ಗಳನ್ನು ಸಾರ್ವಜನಿಕರಿಗೆ ಮಾರುವುದನ್ನು ನಿಲ್ಲಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ಗೃಹಬಳಕೆಗೆ ಮಾರುವುದನ್ನು ನಿಷೇಧಿಸಿತು. 2024ರಲ್ಲಿ ಕೈಗಾರಿಕೆಯ ಹೆಚ್ಚಿನ ಬಳಕೆಗಳಿಗೂ ನಿಷೇಧವನ್ನು ವಿಸ್ತರಿಸುವ ನಿಯಮವನ್ನು ಹೊರಡಿಸಿತು. ವ್ಯಾಪಾರಿಗಳಾದ ನಾವು ಗಮನಿಸತಕ್ಕದ್ದೆಂದರೆ, ಲೋವ್ಸ್ ಎಂಬ ಅಲ್ಲಿನ ದೊಡ್ಡ ಹಾರ್ಡ್‌ವೇರ್ ಮಳಿಗೆಗಳ ಸರಪಣಿ 2018ರಲ್ಲಿಯೇ, ಕಾನೂನಿಗೆ ಕಾಯದೆ, ಈ ಸರಕನ್ನು ಕಪಾಟಿನಿಂದ ಇಳಿಸುವುದಾಗಿ ಘೋಷಿಸಿತ್ತು. ನಾನು ಇಳಿಸಿದ್ದು 2021ರಲ್ಲಿ, ಮೇಸ್ತ್ರಿಯ ಪುಣ್ಯ ಗಟ್ಟಿಯಿದ್ದುದರಿಂದ. ಈಗ ಯಾರಾದರೂ ಕೇಳಿದರೆ ಯಾವ ಕೆಲಸಕ್ಕೆ, ಎಲ್ಲಿ ಬಳಸುತ್ತೀರಿ ಎಂದು ವಿಚಾರಿಸುತ್ತೇನೆ. ಹಾಟ್ ಏರ್ ಗನ್ ಮತ್ತು ಹೆರೆಯುವ ಪಟ್ಟಿ ಮಾರುತ್ತೇನೆ. ಲಾಭ ಹೆಚ್ಚುಕಡಿಮೆ ಅಷ್ಟೇ.

ಲೇಪ ಏಕೆ ಎದ್ದಿತು

ಮೇಸ್ತ್ರಿ ಚೇತರಿಸಿಕೊಂಡ ಮೇಲೆ ಕಿಟಕಿ ತೆರೆದು, ಹೆರೆಯುವ ಪಟ್ಟಿಯಿಂದಲೇ ಉಳಿದ ಬಣ್ಣವನ್ನು ತೆಗೆದು, ಮರುದಿನ ಎಪಾಕ್ಸಿ ಹಚ್ಚಿದೆವು. ನೋಡಲು ಸೊಗಸಾಗಿಯೇ ಇತ್ತು. ಸಂಜೆಯ ವೇಳೆಗೆ ಮೇಲ್ಮೈಯಲ್ಲಿ ಮೇಣ ಸವರಿದಂತಹ ಜಿಡ್ಡಿನ ಪೊರೆ ಕಾಣಿಸಿಕೊಂಡಿತು. ಒಣಗದೆ ಹಾಗಾಗಿರಬಹುದೆಂದು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಅದರ ಮೇಲೆಯೇ ಎರಡನೆಯ ಕೋಟು ಬಳಿದೆವು. ಸೆಪ್ಟೆಂಬರ್ ಹೊತ್ತಿಗೆ ಎರಡನೆಯ ಕೋಟು ಬಾಳೆಯ ಪಟ್ಟೆಯಂತೆ ಸುಲಿದು ಬಂತು. ಹೋಂಸ್ಟೇಯ ಮೊದಲ ಅತಿಥಿಗಳು ಸ್ನಾನ ಮಾಡಿ ಎದ್ದಾಗ ಬೆನ್ನಿಗೆ ಬಿಳಿಯ ಚೂರುಗಳು ಅಂಟಿದ್ದವಂತೆ. ಭಾವನವರು ಈ ವಿಷಯವನ್ನು ನನಗೆ ತಿಳಿಸಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಎಪಾಕ್ಸಿಯ ಹಾರ್ಡನರ್‌ನಲ್ಲಿ ಅಮೈನ್ ಎಂಬ ವರ್ಗದ ರಾಸಾಯನಿಕಗಳಿರುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದು ಮೇಲ್ಮೈ ತಣ್ಣಗಿದ್ದಾಗ, ರಾಳದೊಡನೆ ಸೇರಬೇಕಾದ ಅಮೈನ್ ಮೇಲೆದ್ದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್‌ಗಳೊಡನೆ ಕೂಡಿ ಜಿಡ್ಡಿನ ಪೊರೆಯಾಗುತ್ತದೆ. ಆ ಪೊರೆಯ ಮೇಲೆ ಯಾವುದೂ ಅಂಟದು. ಬೆಚ್ಚನೆಯ ಸಾಬೂನು ನೀರಿನಿಂದ ತೊಳೆದು, ಒರೆಸಿ, ಉಪ್ಪುಕಾಗದದಿಂದ ಉಜ್ಜಿದ್ದರೆ ಅದು ಹೋಗುತ್ತಿತ್ತು. ಲೇಪ ತಯಾರಕರೆಲ್ಲರೂ ಸಾಮಾನ್ಯವಾಗಿ ಹೇಳುವ ನಿಯಮವೊಂದಿದೆ: ಗಾಳಿಯ ತೇವಾಂಶ ಶೇ. 85ನ್ನು ಮೀರಬಾರದು, ಬಳಿಯುವ ಮೇಲ್ಮೈಯ ಶಾಖ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. 130 ಕಿಲೋ ಎರಕ ಮಲೆನಾಡಿನ ಮಳೆಗಾಲದಲ್ಲಿ ರಾತ್ರಿಯೆಲ್ಲ ತಣ್ಣಗಾಗಿ ಕುಳಿತಿರುತ್ತದೆ. ಬೆಳಿಗ್ಗೆ ಕೋಣೆ ಬೆಚ್ಚಗಾದರೂ ಅದು ಆಗಿರುವುದಿಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಕಾಲವೇ ಕಾಲ. ತೇವಮಾಪಕವೊಂದನ್ನು ಕೊಳ್ಳುವುದು ದೊಡ್ಡ ಖರ್ಚೇನಲ್ಲ.

ಎರಡನೆಯ ಸಲ

2022ರ ಫೆಬ್ರವರಿಯಲ್ಲಿ ಮತ್ತೆ ಹೋದೆವು. ಅದೇ ಮೇಸ್ತ್ರಿ. ಈ ಸಲ ಮೊದಲ ಕೆಲಸವಾಗಿ ಕಿಟಕಿಗೆ ಗಾಳಿಯನ್ನು ಹೊರಕ್ಕೆ ದೂಡುವ ಎಕ್ಸಾಸ್ಟ್ ಫ್ಯಾನನ್ನು ಕೂರಿಸಿ, ಬಾಗಿಲ ಕೆಳಗೆ ಹೊಸ ಗಾಳಿ ಬರಲು ಸಂದಿ ಬಿಟ್ಟೆವು.

ಕೆಟ್ಟಿದ್ದ ಲೇಪವನ್ನೆಲ್ಲ ಹೆರೆದು ತೆಗೆಯಲು ಅರ್ಧ ದಿನ ಹಿಡಿಯಿತು. ಹಾಟ್ ಏರ್ ಗನ್ನನ್ನು ಒಂದೇ ಕಡೆ ಹಿಡಿಯಲಿಲ್ಲ, ಏಕೆಂದರೆ ಶಾಖ ಒಂದೆಡೆ ಕೇಂದ್ರೀಕರಿಸಿದರೆ ಎನಾಮೆಲ್ ಬಿರುಕುಬಿಡುತ್ತದೆ. ನಂತರ ತೊಟ್ಟಿಯೂ ಗೋಡೆಯೂ ಸೇರುವ ಸಂದಿಯಲ್ಲಿದ್ದ ಸಿಲಿಕೋನ್ ಸೀಲೆಂಟನ್ನು ಬ್ಲೇಡಿನಿಂದ ಪೂರ್ತಿ ಕಿತ್ತೆವು. ಸಿಲಿಕೋನ್‌ನ ಎಳ್ಳಷ್ಟು ಜಿಡ್ಡು ಉಳಿದರೂ ಅದರ ಮೇಲೆ ಲೇಪ ಮೀನಿನ ಕಣ್ಣಿನಂತೆ ತೂತು ಬಿದ್ದು ಹಿಂದೆ ಸರಿಯುತ್ತದೆ. ನೀರು ಹೋಗುವ ಕಿಂಡಿಯ ಲೋಹದ ಬಳೆಯನ್ನೂ ಮೇಲಿನ ಉಕ್ಕುಕಿಂಡಿಯ ಮುಚ್ಚಳವನ್ನೂ ಬಿಚ್ಚಿದೆವು. ಅದನ್ನು ಬಿಚ್ಚದೆ ಸುತ್ತ ಬಳಿದರೆ, ಲೇಪ ಮೊದಲು ಏಳುವುದು ಅಲ್ಲಿಂದಲೇ.

ತೊಳೆಯುವುದು ಮುಂದಿನ ಹಂತ. ಗಡಸು ನೀರಿನ ಸುಣ್ಣವೂ ಸಾಬೂನಿನ ಜಿಡ್ಡೂ ವರ್ಷಗಳಿಂದ ಪದರಪದರವಾಗಿ ಕಟ್ಟಿರುತ್ತವೆ. ಬಿಸಿನೀರಿನಲ್ಲಿ ನಿಂಬೆ ಉಪ್ಪನ್ನು ಕರಗಿಸಿ ಬಟ್ಟೆಯಲ್ಲಿ ನೆನೆಸಿ ಹೊದಿಸಿದರೆ ಸುಣ್ಣ ಬಿಡುತ್ತದೆ. ನಮ್ಮಲ್ಲಿ ಸ್ನಾನಗೃಹವೆಂದರೆ ಆ್ಯಸಿಡ್ ಸುರಿದು ತೊಳೆಯುವ ರೂಢಿಯಿದೆ. ವಾರವಾರ ಆ್ಯಸಿಡ್ ಕಂಡ ಎನಾಮೆಲ್ ಹೊಳಪು ಕಳೆದುಕೊಳ್ಳುತ್ತದೆ. ಎಷ್ಟೋ ತೊಟ್ಟಿಗಳು ಹಳೆಯದಾದದ್ದು ವಯಸ್ಸಿನಿಂದಲ್ಲ, ಹಾಗೆ ತೊಳೆದದ್ದರಿಂದ. ಆ್ಯಸಿಡ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ ಎಂಬುದನ್ನೂ ಮನೆಗೆಲಸದವರಿಗೆ ತಿಳಿಸಿ ಹೇಳಬೇಕು.

ನುಣುಪನ್ನು ಮುರಿಯಲು ವೃತ್ತಿನಿರತರು ಹಿಂದಿನಿಂದಲೂ ಹೈಡ್ರೋಫ್ಲೋರಿಕ್ ಆಮ್ಲವನ್ನು ಬಳಸುತ್ತ ಬಂದಿದ್ದಾರೆ. ಗಾಜನ್ನು ಕೊರೆಯುವ ಶಕ್ತಿಯುಳ್ಳದ್ದು ಅದೇ. ಆದರೆ ಅದು ಚರ್ಮದ ಮೂಲಕ ಒಳಹೊಕ್ಕು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ. ಸುಟ್ಟ ನೋವು ಕೆಲವೊಮ್ಮೆ ಗಂಟೆಗಳ ನಂತರ ಆರಂಭವಾಗುತ್ತದೆ, ಅಷ್ಟರಲ್ಲಿ ಹಾನಿ ಆಳಕ್ಕೆ ಇಳಿದಿರುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಯಳತೆಯಲ್ಲಿಲ್ಲದೆ ಅದರ ಸೀಸೆಯನ್ನು ತೆರೆಯಬಾರದೆಂಬುದು ನಿಯಮ. ಮನೆಯಲ್ಲಿ ಮಾಡುವ ಕೆಲಸಕ್ಕೆ ಅದು ಖಂಡಿತ ಸಲ್ಲದು. ನಾವು 400ನೇ ನಂಬರಿನ ವಾಟರ್ ಪೇಪರ್ ಹಿಡಿದು, ನೀರು ಹನಿಸುತ್ತ, ಇಡೀ ಒಳಮೈ ಮಂಕಾಗುವವರೆಗೆ ಉಜ್ಜಿದೆವು. ಒಂದು ಕಡೆ ಹೊಳಪು ಉಳಿದರೂ ಅದು ಮುಂದೆ ಲೇಪ ಬಿಡುವ ಜಾಗ. ಹಳೆಯ ಎನಾಮೆಲ್‌ನಲ್ಲಿಯೂ ಹಳೆಯ ಎಣ್ಣೆಬಣ್ಣದಲ್ಲಿಯೂ ಸೀಸವಿರುವ ಸಂಭವವಿರುವುದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸುವುದು ತರವಲ್ಲ. ಬಂದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ತೋಟದ ಚರಂಡಿಗೆ ಬಿಡಬಾರದು.

ತುಕ್ಕು ಹಿಡಿದ ಕಡೆ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಕೆರೆದು, ಎಪಾಕ್ಸಿ ಪುಟ್ಟಿ ತುಂಬಿ, ಒಣಗಿದ ಮೇಲೆ ಸಮಮಾಡಿದೆವು. ತುಕ್ಕಿನ ಕಣ ಉಳಿದರೆ ಅದು ಲೇಪದ ಕೆಳಗೆ ಕುಳಿತು ಬೆಳೆಯುತ್ತದೆ. ಆನಂತರ ಗಾಜಿಗೂ ರಾಳಕ್ಕೂ ಬೆಸುಗೆಯಾಗುವ ಸಿಲೇನ್ ಪ್ರೈಮರನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿದೆವು. ಈ ಸಣ್ಣ ಸೀಸೆಯ ಮಹತ್ವವನ್ನು ನಮ್ಮ ಮಾರುಕಟ್ಟೆ ಇನ್ನೂ ಅರಿತಂತೆ ಕಾಣುವುದಿಲ್ಲ. ಸಿಲೇನ್ ಅಣುವಿನ ಒಂದು ತುದಿ ಗಾಜನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಪಾಕ್ಸಿಯನ್ನು. ಗಾಜಿನ ನಾರಿನ ಉದ್ಯಮದಲ್ಲಿರುವವರಿಗೆ ಇದು ಹಳೆಯ ವಿಷಯ.

ಲೇಪದ ಲೆಕ್ಕ

ಎಷ್ಟು ಸರಕು ಬೇಕೆಂಬುದನ್ನು ಅಂದಾಜಿನಲ್ಲಿ ಬಿಡುವವರೇ ಹೆಚ್ಚು. ಐದಡಿ ತೊಟ್ಟಿಯ ಒಳಮೈ ಮತ್ತು ಅಂಚು ಸೇರಿ ಸುಮಾರು 3 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಲೇಪವನ್ನು ಅದರ ಮೇಲೆ ಸಮನಾಗಿ ಹರಡಿದರೆ ಹಸಿಯಾಗಿ 333 ಮೈಕ್ರಾನ್ ದಪ್ಪ ಬರುತ್ತದೆ. ಡಬ್ಬಿಯಲ್ಲಿರುವುದರಲ್ಲಿ ಗಟ್ಟಿಯಾಗುವ ಅಂಶ ಶೇ. 60 ಇದ್ದರೆ ಒಣಗಿದ ಮೇಲೆ ಉಳಿಯುವುದು 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗ. ಶೇ. 40 ಅಂಶದ ಅಗ್ಗದ ಸರಕಿನಲ್ಲಿ ಉಳಿಯುವುದು 133 ಮೈಕ್ರಾನ್ ಮಾತ್ರ. ಲೀಟರಿಗೆ ಕಡಿಮೆ ಬೆಲೆಯೆಂದು ಕೊಂಡವನು ಆವಿಯಾಗಿ ಹೋಗುವ ಥಿನ್ನರ್‌ಗೇ ಹಣ ತೆತ್ತಂತಾಯಿತು. ಗಿರಾಕಿಗೆ ಬೆಲೆಪಟ್ಟಿ ತೋರಿಸುವಾಗ ಈ ಅಂಕಿಯನ್ನು ಪಕ್ಕದಲ್ಲಿ ಬರೆದಿಡುವುದು ಒಳ್ಳೆಯ ವ್ಯಾಪಾರ.

ಎರಡು ಭಾಗಗಳನ್ನು ಬೆರೆಸುವಾಗ ಪ್ರಮಾಣ ತಪ್ಪಬಾರದು. ಕೆಲವು ತಯಾರಕರು ಪ್ರಮಾಣವನ್ನು ತೂಕದಲ್ಲಿ ಹೇಳಿದರೆ ಕೆಲವರು ಅಳತೆಯಲ್ಲಿ ಹೇಳುತ್ತಾರೆ. ಎರಡೂ ಒಂದೇ ಅಲ್ಲ. ಹಾರ್ಡನರ್ ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ಮೇಸ್ತ್ರಿಗಳಲ್ಲಿ ಬೇರೂರಿರುವ ನಂಬಿಕೆ. ಎಪಾಕ್ಸಿಯ ಮಟ್ಟಿಗೆ ಅದು ಸುಳ್ಳು. ಹೆಚ್ಚಾದ ಹಾರ್ಡನರ್ ಕೂಡಿಕೊಳ್ಳಲು ರಾಳ ಸಿಗದೆ ಲೇಪದೊಳಗೇ ಉಳಿದು ಅದನ್ನು ಮೆತ್ತಗಾಗಿಸುತ್ತದೆ. ಬೆರೆಸಿದ್ದು ಡಬ್ಬಿಯಲ್ಲಿಯೇ ಬಿಸಿಯಾಗಿ ಗಟ್ಟಿಯಾಗತೊಡಗುವುದರಿಂದ ಅರ್ಧರ್ಧವಾಗಿ ಬೆರೆಸಿಕೊಳ್ಳುವುದು ಲೇಸು. ಸಣ್ಣ ಫೋಮ್ ರೋಲರ್‌ನಿಂದ ತೆಳ್ಳಗೆ ಮೊದಲ ಕೋಟು ಹಾಕಿ, ತಯಾರಕರು ಹೇಳಿದ ಅವಧಿಯೊಳಗೆ ಎರಡನೆಯದನ್ನು ಹಾಕಿದೆವು. ನಲ್ಲಿ ತೊಟ್ಟಿಕ್ಕುತ್ತಿದ್ದುದರಿಂದ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದೆವು. ಒಂದು ಹನಿ ನೀರು ಬಿದ್ದರೂ ಆ ಕಡೆ ಕುಳಿ ಉಳಿಯುತ್ತದೆ.

ಪಾಲಿಯುರೆಥೇನ್ ಲೇಪದ ಹೊಳಪು ಎಪಾಕ್ಸಿಗಿಂತ ಹೆಚ್ಚು. ಬಿಸಿಲಿಗೆ ಹಳದಿಯಾಗುವುದೂ ಕಡಿಮೆ. ದೊಡ್ಡ ಹೋಟೆಲುಗಳಿಗೆ ಕೆಲಸ ಮಾಡುವವರು ಅದನ್ನು ಗನ್‌ನಿಂದ ಸಿಂಪಡಿಸುತ್ತಾರೆ. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಉಸಿರಿನೊಡನೆ ಒಳಹೋದರೆ ಉಬ್ಬಸ ಬರಿಸುತ್ತದೆ. ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಕಲಿತರೆ ಮುಂದೆ ಅತ್ಯಲ್ಪ ಪ್ರಮಾಣವೂ ಸಾಕು; ಆ ಮನುಷ್ಯ ಈ ವೃತ್ತಿಯನ್ನೇ ಬಿಡಬೇಕಾಗುತ್ತದೆ. ಕಾರು ಪೇಂಟಿಂಗ್ ಗ್ಯಾರೇಜುಗಳಲ್ಲಿ ಇಂತಹವರನ್ನು ಕಾಣಬಹುದು. ಮೂಗಿಗೆ ಕಟ್ಟುವ ಕರವಸ್ತ್ರವಾಗಲೀ ಧೂಳಿನ ಮಾಸ್ಕ್ ಆಗಲೀ ಇದನ್ನು ತಡೆಯುವುದಿಲ್ಲ. ಮುಚ್ಚಿದ ಸ್ನಾನಗೃಹದಲ್ಲಿ ಅದನ್ನು ಸಿಂಪಡಿಸುವವರಿಗೆ ಹೊರಗಿನಿಂದ ಕೊಳವೆಯ ಮೂಲಕ ಶುದ್ಧ ಗಾಳಿ ಒದಗಿಸುವ ಮುಖಕವಚ ಬೇಕು. ಮನೆಯಲ್ಲಿ ರೋಲರ್‌ನಿಂದ ಮಾಡುವ ಎಪಾಕ್ಸಿಗೆ ಕೈಗವಸು ಸಾಕೆನ್ನಬಹುದಾದರೂ ಮೈಗೆ ತಾಗಿದರೆ ತುರಿಗಜ್ಜಿಯಾಗುವುದರಿಂದ ತೋಳುದ್ದದ ಅಂಗಿಯೂ ಬೇಕು, ಫ್ಯಾನ್ ಓಡುತ್ತಲೇ ಇರಬೇಕು.

ರಷ್ಯಾದಲ್ಲಿ ಬೇರೆಯದೇ ದಾರಿಯನ್ನು ಕಂಡುಕೊಂಡಿದ್ದಾರೆ. ಸೋವಿಯತ್ ಕಾಲದ ವಸತಿ ಸಮುಚ್ಚಯಗಳಲ್ಲಿ ಎರಕದ ತೊಟ್ಟಿಗಳು ಅಸಂಖ್ಯವಾಗಿದ್ದು, ದ್ರವ ಅಕ್ರಿಲಿಕ್ಕನ್ನು ಅಂಚಿನಿಂದ ಸುರಿದು ತಾನಾಗಿಯೇ ಕೆಳಕ್ಕೆ ಹರಿಯಲು ಬಿಡುತ್ತಾರೆ. ಬ್ರಷ್ಷಿನ ಗೆರೆಯಿಲ್ಲ, ಗನ್ನಿನ ಮಂಜಿಲ್ಲ. ಕೆಲವು ಮಿಲಿಮೀಟರ್ ದಪ್ಪದ ಮೈ ಬರುತ್ತದೆ. ನಮ್ಮ ರಾಳ ತಯಾರಕರು ಈ ಬಗೆಯನ್ನು ಪರಿಶೀಲಿಸಬಹುದು.

ಉದ್ಯಮವಾಗಿ ನೋಡಿದರೆ

ನಮ್ಮ ರಾಜ್ಯದಲ್ಲಿ ಮನೆಮನೆಯಲ್ಲಿಯೂ ಬಾತ್‌ಟಬ್ ಇಲ್ಲವೆಂಬುದು ನಿಜ. ನಾವು ಹಂಡೆ ಮತ್ತು ಬಕೆಟ್ಟಿನ ಜನ. ಆದರೆ ಬೆಂಗಳೂರು, ಮೈಸೂರುಗಳ ಹೋಟೆಲುಗಳಲ್ಲಿಯೂ ಕೊಡಗು, ಚಿಕ್ಕಮಗಳೂರುಗಳ ತೋಟದ ಬಂಗಲೆಗಳಲ್ಲಿಯೂ ಇವೆ. ಇದೇ ಕೌಶಲ ಹಳೆಯ ವಾಷ್‌ಬೇಸಿನ್, ಗೋಡೆಯ ಹಂಚು ಮತ್ತು ಅಡುಗೆಮನೆಯ ಕಟ್ಟೆಗಳಿಗೂ ಅನ್ವಯಿಸುತ್ತದೆ. ಫೈಬರ್‌ಗ್ಲಾಸ್ ಮತ್ತು ಅಕ್ರಿಲಿಕ್ ತೊಟ್ಟಿಗಳಾದರೆ ಅಸಿಟೋನ್‌ನಿಂದ ಒರೆಸಬಾರದು. ಅಕ್ರಿಲಿಕ್ ಅದರಲ್ಲಿ ಕರಗುತ್ತದೆ. ತೊಟ್ಟಿ ಯಾವುದೆಂದು ತಿಳಿಯಲು ಅಯಸ್ಕಾಂತವೊಂದು ಜೇಬಿನಲ್ಲಿದ್ದರೆ ಸಾಕು.

ಹೋಟೆಲಿನವರ ದೃಷ್ಟಿಯಿಂದ ಲೆಕ್ಕ ಬೇರೆ. ಅವರಿಗೆ ನಷ್ಟವಾಗುವುದು ಕೋಣೆ ಖಾಲಿ ಬಿದ್ದಿರುವ ದಿನಗಳಿಂದ. ತೊಟ್ಟಿ ಬದಲಿಸಿದರೆ ಹಂಚು, ಪ್ಲಂಬಿಂಗ್ ಎಲ್ಲ ಸೇರಿ ಕೋಣೆ ಬಹುಕಾಲ ಮುಚ್ಚಿರಬೇಕಾಗುತ್ತದೆ; ಮರುಲೇಪನದಲ್ಲಿ ಕೆಲಸಕ್ಕೆ ಎರಡು ದಿನ, ಗಟ್ಟಿಯಾಗಲು ತಯಾರಕರು ಹೇಳಿದಷ್ಟು ದಿನ. ಈ ಕೊನೆಯದನ್ನು ಕಡಿಮೆ ಮಾಡೆಂದು ವ್ಯವಸ್ಥಾಪಕರು ಒತ್ತಾಯಿಸುತ್ತಾರೆ. ಒಪ್ಪಬಾರದು. ಮೇಲ್ನೋಟಕ್ಕೆ ಒಣಗಿದ ಲೇಪ ಒಳಗೆ ಗಟ್ಟಿಯಾಗಿರುವುದಿಲ್ಲ. ಅದರ ಮೇಲೆ ಬಿಸಿನೀರು ಬಿದ್ದರೆ ಗುಳ್ಳೆಯೇಳುತ್ತದೆ.

ದರ ಹೇಳುವಾಗ ಸರಕು ಮತ್ತು ಕೂಲಿಯನ್ನಷ್ಟೇ ಕೂಡಿಸಿ ಲಾಭ ಸೇರಿಸುವವರು ಒಂದು ವರ್ಷದೊಳಗೆ ಕೈಸುಟ್ಟುಕೊಳ್ಳುತ್ತಾರೆ. ಕೆಟ್ಟ ಕೆಲಸವನ್ನು ಮತ್ತೆ ಮಾಡುವುದು ಮೊದಲ ಸಲಕ್ಕಿಂತ ದುಬಾರಿ, ಏಕೆಂದರೆ ಮೊದಲು ಕಿತ್ತುಹಾಕಬೇಕು. ನನ್ನ ಭಾವನವರ ತೊಟ್ಟಿಗೆ ನನಗೆ ಬಿದ್ದ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಸಲದ ತಪ್ಪನ್ನು ಅಳಿಸಲು ಹೋಯಿತು. ಹತ್ತರಲ್ಲಿ ಒಂದು ಕೆಲಸಕ್ಕೆ ಮರಳಿ ಹೋಗಬೇಕಾಗಬಹುದೆಂದು ಮೊದಲೇ ದರದಲ್ಲಿ ಸೇರಿಸಿಕೊಂಡಿರಬೇಕು. ಗ್ಯಾರಂಟಿಯನ್ನು ಲಿಖಿತವಾಗಿಯೇ ಕೊಡಬೇಕು. ಅದರಲ್ಲಿ ಆ್ಯಸಿಡ್, ಉಜ್ಜುವ ಪುಡಿ ಮತ್ತು ಹೀರುಬಟ್ಟಲುಗಳುಳ್ಳ ರಬ್ಬರ್ ಚಾಪೆ ಬಳಸಿದರೆ ಅದು ರದ್ದಾಗುವುದೆಂದು ಸ್ಪಷ್ಟವಾಗಿ ಬರೆದಿರಬೇಕು. ರಬ್ಬರ್ ಚಾಪೆಯ ವಿಷಯ ಗಿರಾಕಿಗಳಿಗೆ ವಿಚಿತ್ರವೆನಿಸುತ್ತದೆ. ಅದರ ಪ್ರತಿಯೊಂದು ಹೀರುಬಟ್ಟಲೂ ಲೇಪವನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ.

ಕೆಲಸ ಒಪ್ಪಿಸುವ ಮುನ್ನ ಅಂಟಿನ ಪರೀಕ್ಷೆ ನಡೆಸಬಹುದು. ತೊಟ್ಟಿಗೆ ಹಚ್ಚಿದ ದಿನವೇ ಅದೇ ರೀತಿ ಸಿದ್ಧಪಡಿಸಿದ ಹಳೆಯ ಎನಾಮೆಲ್ ತಟ್ಟೆಯೊಂದಕ್ಕೂ ಹಚ್ಚಿಟ್ಟು, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಅಡ್ಡಲಾಗಿಯೂ ಉದ್ದಲಾಗಿಯೂ ಆರಾರು ಗೆರೆ ಎಳೆದು, ಟೇಪ್ ಅಂಟಿಸಿ ಕೀಳುವುದು. ಐಎಸ್‌ಒ 2409 ಎಂಬ ಅಂತರರಾಷ್ಟ್ರೀಯ ಮಾನಕವು ಇದೇ ವಿಧಾನದ ಆರು ದರ್ಜೆಗಳನ್ನು ಹೇಳುತ್ತದೆ. ಒಂದು ಚೌಕವೂ ಏಳದಿದ್ದರೆ ಸೊನ್ನೆ, ಅದೇ ಅತ್ಯುತ್ತಮ. ಆ ತಟ್ಟೆಯನ್ನು ಗಿರಾಕಿಯ ಎದುರೇ ಪರೀಕ್ಷಿಸಿದರೆ ಯಾವ ಜಾಹೀರಾತೂ ಬೇಡ.

ಇಂತಹ ಸೇವಾ ಘಟಕಗಳು ಉದ್ಯಮ್ ನೋಂದಣಿಗೆ ಅರ್ಹವಾಗಿವೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕರಣೆಯ ಪ್ರಕಾರ ಎರಡೂವರೆ ಕೋಟಿ ರೂಪಾಯಿಗಳವರೆಗಿನ ಹೂಡಿಕೆ ಮತ್ತು ಹತ್ತು ಕೋಟಿಯವರೆಗಿನ ವಹಿವಾಟು ಸೂಕ್ಷ್ಮ ಘಟಕದ ವ್ಯಾಪ್ತಿಗೆ ಬರುತ್ತದೆ. ಬೇಕಾಗುವ ಸಾಧನಗಳು ಒಂದು ವ್ಯಾನಿನಲ್ಲಿ ಹಿಡಿಸುತ್ತವೆ. ಅವುಗಳಲ್ಲಿ ಎಕ್ಸಾಸ್ಟ್ ಫ್ಯಾನ್ ಮತ್ತು ಅದರ ಕೊಳವೆಯನ್ನು ಮೊದಲು ಇಳಿಸಿ ಕೊನೆಗೆ ಏರಿಸುವ ಕ್ರಮವನ್ನು ಮೇಸ್ತ್ರಿ ತಾನಾಗಿಯೇ ರೂಢಿಸಿಕೊಂಡಿದ್ದಾನೆ. ಕೆಲಸಕ್ಕೆ ಒಬ್ಬನೇ ಹೋಗುವುದನ್ನೂ ಬಿಟ್ಟಿದ್ದಾನೆ. ಸಕಲೇಶಪುರ, ಮೂಡಿಗೆರೆ ಕಡೆಯ ಬಂಗಲೆಗಳಿಂದ ಈಗ ಅವನಿಗೆ ನೇರವಾಗಿಯೇ ಕರೆ ಬರುತ್ತವೆ. ಮಳೆಗಾಲದಲ್ಲಿ ಒಪ್ಪಿಕೊಳ್ಳುವುದಿಲ್ಲ.

ಭಾವನವರ ತೊಟ್ಟಿಯ ಲೇಪಕ್ಕೆ ಮೂರನೆಯ ವರ್ಷದಲ್ಲಿ ಕಿಂಡಿಯ ಬಳಿ ಹೆಬ್ಬೆರಳುಗುರಿನಷ್ಟು ಜಾಗ ಎದ್ದಿತ್ತು. ಅತಿಥಿಯೊಬ್ಬರು ಹಿತ್ತಾಳೆಯ ತಂಬಿಗೆಯನ್ನು ಕೈಜಾರಿ ಬೀಳಿಸಿದ್ದರಂತೆ. ಅಂಚನ್ನು ಉಜ್ಜಿ ಪುಟ್ಟಿ ತುಂಬಿ ಎರಡು ಬಾರಿ ಸವರಿ ಬಂದೆ. ಉಳಿದ ಮೈ ಬೆಳ್ಳಗೆ ಇದೆ.